ಸಂಬಳದಲ್ಲಿ ಹಿಡಿದ ಹಣ

ಫೆಬ್ರವರಿ ತಿಂಗಳಿಗೆ ಇಪ್ಪತ್ತೆಂಟೇ ದಿನ ಯಾಕೆ ಎಂದು ಮಕ್ಕಳು ಕೇಳಿದರೆ ನಾವು ರೋಮನ್ನರ ಕತೆ ಹೇಳುತ್ತೇವೆ. ಅದೇ ಪ್ರಶ್ನೆಯನ್ನು ಟೀಚರುಗಳ ಕೋಣೆಯಲ್ಲಿ ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. "ಆ ತಿಂಗಳ ಸಂಬಳ ಗಿಡ್ಡ, ಅದಕ್ಕೆ ತಿಂಗಳೂ ಗಿಡ್ಡ!" ವರ್ಷದ ಆದಾಯ ತೆರಿಗೆಯ ಲೆಕ್ಕವನ್ನು ಮಾರ್ಚ್ ಮುಗಿಯುವುದರೊಳಗೆ ಸರಿಪಡಿಸಬೇಕಾದ್ದರಿಂದ ಉಳಿದ ಬಾಕಿಯನ್ನೆಲ್ಲ ಫೆಬ್ರವರಿ ಸಂಬಳದಲ್ಲಿ ಹಿಡಿಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಗಂಡಸರು ಆ ದಿನ ಸರಕಾರವನ್ನು ಬಯ್ಯುತ್ತಾರೆ. ಹೆಂಗಸರು ತಿಂಗಳ ಸಾಮಾನಿನ ಚೀಟಿಯಲ್ಲಿ ಯಾವುದನ್ನು ಹೊಡೆದುಹಾಕಬಹುದು ಎಂದು ಯೋಚಿಸುತ್ತೇವೆ. ಆದರೆ ಹಿಡಿದ ಹಣ ಸರಿಯೇ, ಹೆಚ್ಚೇ ಎಂದು ಪೆನ್ನು ಹಿಡಿದು ಲೆಕ್ಕ ಹಾಕುವವರು ಬಹಳ ಕಡಿಮೆ. ನಾನೂ ಹಾಕಿದವಳಲ್ಲ. ಹಾಕುವಂತೆ ಮಾಡಿದ್ದು ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತದ ನನ್ನ ಅಮ್ಮ.

2010ರ ಮೇ ತಿಂಗಳು. ರಜೆಯಲ್ಲಿ ಶಾಲೆಯ ಆಫೀಸಿಗೆ ಹೋದಾಗ ಒಂದು ಹಾಳೆ ಕೈಗೆ ಕೊಟ್ಟರು. ಫಾರಂ 16, ಅಂದರೆ ವರ್ಷವಿಡೀ ನನ್ನ ಸಂಬಳ ಎಷ್ಟು, ಅದರಲ್ಲಿ ಹಿಡಿದ ತೆರಿಗೆ ಎಷ್ಟು ಎಂಬುದರ ಪ್ರಮಾಣಪತ್ರ. ಹಿಂದಿನ ಕೆಲವು ವರ್ಷಗಳ ಇಂಕ್ರಿಮೆಂಟಿನ ಬಾಕಿ 45,000 ರೂಪಾಯಿ ಒಟ್ಟಿಗೆ ಬಂದ ವರ್ಷ ಅದು. ನನಗೆ ಮೊದಲ ಬಾರಿಗೆ ಆದಾಯ ತೆರಿಗೆ ಬಿದ್ದದ್ದೂ ಅದೇ ವರ್ಷ. ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟೆ. ಅಮ್ಮ ಕೇಳಿದರು:

"ಎಂತ ಮಗಾ ಅದು?"

"ತೆರಿಗೆಯದ್ದು ಅಮ್ಮ. ಸಂಬಳದಲ್ಲಿ ಹಿಡಿದಿದ್ದಾರೆ."

"ಎಷ್ಟು ಹಿಡಿದದ್ದು?"

"5,150."

"ಯಾವ ಲೆಕ್ಕದಲ್ಲಿ?"

ನನಗೆ ಉತ್ತರ ಬರಲಿಲ್ಲ. ಬಿ.ಎ., ಬಿ.ಎಡ್. ಮಾಡಿದವಳು, ದಿನಾ ಮಕ್ಕಳಿಗೆ ಇತಿಹಾಸ ಹೇಳಿ ಪ್ರಶ್ನೆ ಕೇಳುವವಳು, ನನ್ನದೇ ಸಂಬಳದ ಮಾತು ಬಂದಾಗ ಬಾಯಿ ಕಟ್ಟಿ ನಿಂತೆ. ಅಮ್ಮ ಮತ್ತೇನೂ ಹೇಳದೆ ಒಳಗೆ ಹೋದರು. ಆ ಮೌನ ಬಯ್ಗುಳಕ್ಕಿಂತ ಹೆಚ್ಚು ತಾಗಿತು.

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ನಮ್ಮ ಬಂಟ್ವಾಳದ ಕಡೆ ಬೀಡಿಯಿಂದ ಮಕ್ಕಳ ಫೀಸು ಕಟ್ಟಿದ ಮನೆಗಳನ್ನು ಎಣಿಸುವುದಕ್ಕಿಂತ ಕಟ್ಟದ ಮನೆಗಳನ್ನು ಎಣಿಸುವುದು ಸುಲಭ. ಎಲೆ, ಹೊಗೆಸೊಪ್ಪು, ನೂಲು ತಂದು, ಕೆಲಸವೆಲ್ಲ ಮುಗಿದ ಮೇಲೆ ಚಿಮಣಿ ದೀಪದ ಬೆಳಕಿನಲ್ಲಿ ಕಟ್ಟಿ, ಇಪ್ಪತ್ತೈದರ ಕಟ್ಟು ಮಾಡಿ ಬ್ರಾಂಚಿಗೆ ಕೊಡಬೇಕು. ಅಲ್ಲಿ ಸರಿಯಿಲ್ಲವೆಂದು ಬದಿಗೆ ಸರಿಸಿದ ಬೀಡಿ ಎಷ್ಟು, ಎಲೆಯ ಲೆಕ್ಕದಲ್ಲಿ ಹಿಡಿದದ್ದು ಎಷ್ಟು, ಪ್ರಾವಿಡೆಂಟ್ ಫಂಡಿಗೆ ಹೋದದ್ದು ಎಷ್ಟು, ಎಲ್ಲವೂ ಅಮ್ಮನಿಗೆ ಬಾಯಿಪಾಠ. ಬೀಡಿ ಕೆಲಸಕ್ಕೆ ಪ್ರಾವಿಡೆಂಟ್ ಫಂಡ್ ಕಾಯಿದೆ ಅನ್ವಯವಾದದ್ದು 1977ರಲ್ಲಿ. ಮನೆಯಲ್ಲಿ ಕುಳಿತು ಕಟ್ಟುವವರೂ ನೌಕರರೇ, ಅವರಿಗೂ ಫಂಡು ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1985ರಲ್ಲಿ. ಈ ಇಸವಿಗಳು ಅಮ್ಮನಿಗೆ ಗೊತ್ತಿರಲಿಲ್ಲ. ಆದರೆ ಪಾಸ್ ಪುಸ್ತಕದಲ್ಲಿ ಒಂದು ಸಾಲು ಕಡಿಮೆಯಾದರೆ ಗೊತ್ತಾಗುತ್ತಿತ್ತು. ಓದಲು ಬಾರದವರು ತನ್ನ ಕೂಲಿಯನ್ನು ಓದುತ್ತಿದ್ದರು. ಓದು ಕಲಿತ ನಾನು ನನ್ನ ಸಂಬಳವನ್ನು ಓದಲಿಲ್ಲ. ಹೀಗೇಕಾಯಿತು ಎಂದು ಆ ರಜೆಯಲ್ಲಿ ಯೋಚಿಸತೊಡಗಿದೆ. ಇತಿಹಾಸ ಪಾಠ ಮಾಡುವವಳಿಗೆ ಯೋಚನೆ ಹಿಂದಕ್ಕೇ ಹೋಗುತ್ತದೆ.

ನಮ್ಮ ಊರಿನ ಹೆಸರಿನಲ್ಲೇ ಇತಿಹಾಸವಿದೆ. ಮಂಗಳೂರಿನಿಂದ ಬಂಟ್ವಾಳದ ಕಡೆ ಬರುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ. ಯುರೋಪಿನವರನ್ನು ಹೇಳುವ 'ಫ್ರಾಂಕ್' ಎಂಬ ಪದ ಅರಬ್ಬೀ ಪಾರ್ಸಿಗಳಲ್ಲಿ ತಿರುಗಿ, ನಮ್ಮ ಬಾಯಲ್ಲಿ 'ಫರಂಗಿ'ಯಾಯಿತು. ಇಲ್ಲಿ ಫರಂಗಿಗಳೆಂದರೆ ಪೋರ್ಚುಗೀಸರು. ಇಲ್ಲಿನ ಮೊಂತೆ ಮರಿಯಾನೊ ಇಗರ್ಜಿ 1526ರದ್ದೆಂದು ಹೇಳುತ್ತಾರೆ. ವ್ಯಾಪಾರಕ್ಕೆ ಬಂದ ಪೋರ್ಚುಗೀಸರು ಕರಾವಳಿಯ ಅರಸರಿಂದ ಕಪ್ಪ ಕೇಳತೊಡಗಿದರು. ಇದೇ ನೇತ್ರಾವತಿ ಸಮುದ್ರ ಸೇರುವ ಕಡೆಯಲ್ಲಿರುವ ಉಳ್ಳಾಲದ ರಾಣಿ ಅಬ್ಬಕ್ಕ ಕೊಡುವುದಿಲ್ಲ ಎಂದಳು, ಹೋರಾಡಿದಳು. ಹೆಣ್ಣುಮಕ್ಕಳಿಗೆ ಅಬ್ಬಕ್ಕನ ಶೌರ್ಯದ ಪಾಠ ಮಾಡುವಾಗ ಕತ್ತಿ ಕುದುರೆಗಳ ಮಾತೇ ಹೆಚ್ಚಾಗುತ್ತದೆ. ಆ ಜಗಳದ ಬೇರಿನಲ್ಲಿದ್ದದ್ದು 'ಯಾವ ಲೆಕ್ಕದಲ್ಲಿ?' ಎಂಬ ನನ್ನ ಅಮ್ಮನ ಪ್ರಶ್ನೆಯೇ ಎಂದು ನನಗೆ ಆ ಮೇ ತಿಂಗಳವರೆಗೆ ಹೊಳೆದಿರಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಕಂಪೆನಿ ಸರಕಾರದ ಕೈಗೆ ಬಂತು. ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಜಮೀನಿನ ಕಂದಾಯವನ್ನು ಗೊತ್ತುಪಡಿಸುವುದೇ ಅವನ ದೊಡ್ಡ ಕೆಲಸ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಕಂದಾಯದ ಭಾರ ಹೊರಲಾಗದೆ ರೈತರು ಎದ್ದರು. 1830-31ರಲ್ಲಿ ಊರೂರಿನ ರೈತರು ಸೇರಿ ಕಂದಾಯ ಇಳಿಸಬೇಕೆಂದು ಕೇಳಿದರು, ಇಳಿಸುವ ತನಕ ಕಟ್ಟುವುದಿಲ್ಲ ಎಂದರು. ಹೀಗೆ ಸೇರುವುದಕ್ಕೆ ಅವರು ಕೊಟ್ಟ ಹೆಸರು 'ಕೂಟ'. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಅದು ಕೂಟ ದಂಗೆ ಎಂದೇ ಪ್ರಸಿದ್ಧ.

ಅದಾಗಿ ಆರೇಳು ವರ್ಷಕ್ಕೆ ಇನ್ನೊಂದು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, ಅದಕ್ಕೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿದರು. ಅಲ್ಲಿನ ರೈತರು ಮೊದಲು ಬೆಳೆದ ಧಾನ್ಯದಲ್ಲೇ ಕಂದಾಯ ಸಲ್ಲಿಸಬಹುದಿತ್ತು. ಈಗ ನಗದೇ ಆಗಬೇಕಾಯಿತು. ಭತ್ತ ಬೆಳೆದವನ ಮನೆಯಲ್ಲಿ ಭತ್ತವಿರುತ್ತದೆ, ನಾಣ್ಯ ಎಲ್ಲಿಂದ ಬರಬೇಕು? ಉಪ್ಪು ಹೊಗೆಸೊಪ್ಪುಗಳ ಮೇಲಿನ ಸರಕಾರದ ಹಿಡಿತದ ಸಿಟ್ಟೂ ಸೇರಿತು. 1837ರಲ್ಲಿ ಕಲ್ಯಾಣಸ್ವಾಮಿ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ದಂಡು ಬೆಳ್ಳಾರೆಯ ಖಜಾನೆ ಹಿಡಿದು, ಬಂಟ್ವಾಳಕ್ಕೆ ಬಂದು, ಏಪ್ರಿಲ್ 5ರಂದು ಮಂಗಳೂರನ್ನೇ ವಶಮಾಡಿಕೊಂಡಿತು. ಹದಿಮೂರು ದಿನ ಬಾವುಟಗುಡ್ಡೆಯಲ್ಲಿ ಅವರ ಬಾವುಟ ಹಾರಿತು. ಆಮೇಲೆ ಹಿಡಿದದ್ದು, ಗಲ್ಲಿಗೇರಿಸಿದ್ದು ಎಲ್ಲ ನಿಮಗೆ ಗೊತ್ತಿದೆ. 2022ರಲ್ಲಿ ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು.

ಇಷ್ಟನ್ನೂ ಹೇಳಿದ್ದು ಒಂದೇ ಮಾತಿಗಾಗಿ. ಈ ರೈತರ ಮನೆಯಲ್ಲಿ ಬೆಳೆ ಬಂದಿತ್ತು, ಕಣಜದಲ್ಲಿತ್ತು, ಆಮೇಲೆ ಸರಕಾರ ಬಂದು ಕೇಳಿತು. ಕೇಳಿದ್ದರಿಂದ ಅವರಿಗೆ ಉತ್ತರ ಕೊಡಲು ಎಡೆಯಿತ್ತು. ಹೌದು ಎನ್ನಬಹುದಿತ್ತು, ಹೆಚ್ಚಾಯಿತು ಎನ್ನಬಹುದಿತ್ತು, ಹತ್ತು ಜನ ಸೇರಿ ಇಲ್ಲ ಎನ್ನಬಹುದಿತ್ತು. ಸಂಬಳದವರ ತೆರಿಗೆಯ ಚರಿತ್ರೆ ಇಲ್ಲಿಯೇ ಬೇರೆ ದಾರಿ ಹಿಡಿಯುತ್ತದೆ.

ನಮ್ಮ ದೇಶಕ್ಕೆ ಆದಾಯ ತೆರಿಗೆ ತಂದವನು ಜೇಮ್ಸ್ ವಿಲ್ಸನ್. 1843ರಲ್ಲಿ ಲಂಡನ್ನಿನಲ್ಲಿ 'ಎಕಾನಮಿಸ್ಟ್' ಪತ್ರಿಕೆಯನ್ನು ಸ್ಥಾಪಿಸಿದವನೂ ಅವನೇ. 1857ರ ದಂಗೆಯನ್ನು ಅಡಗಿಸಿದ ಖರ್ಚಿನಿಂದ ಸರಕಾರದ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬಿಸಲು ಬಂದ ವಿಲ್ಸನ್ 1860ರ ಫೆಬ್ರವರಿ 18ರಂದು ಕಲ್ಕತ್ತೆಯಲ್ಲಿ ತನ್ನ ಬಜೆಟ್ ಮಂಡಿಸಿದ. ನೋಡಿ, ಅಲ್ಲೂ ಫೆಬ್ರವರಿಯೇ! ಜುಲೈ 24ಕ್ಕೆ ಕಾಯಿದೆಯಾಯಿತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ತೆರಿಗೆಯಿಲ್ಲ. 500ರವರೆಗೆ ನೂರಕ್ಕೆ 2, ಅದರ ಮೇಲಿನವರಿಗೆ ನೂರಕ್ಕೆ 4. ಕಾಯಿದೆಯಾಗಿ ಮೂರು ವಾರ ತುಂಬುವ ಮೊದಲೇ ವಿಲ್ಸನ್ ಆಮಶಂಕೆಯಿಂದ ಕಲ್ಕತ್ತೆಯಲ್ಲಿ ತೀರಿಕೊಂಡ. ತೆರಿಗೆ ಮಾತ್ರ ಬದುಕಿತು.

ಅದನ್ನು ಜೋರಾಗಿ ವಿರೋಧಿಸಿದವನು ಬ್ರಿಟಿಷರವನೇ ಆದ, ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್. ನಮ್ಮ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1956ರವರೆಗೂ ಹಾಗೆಯೇ ಇತ್ತು. ಈ ತೆರಿಗೆ ಜನರಿಗೆ ಹೊಂದುವುದಿಲ್ಲ, ಖರ್ಚನ್ನು ಕಡಿಮೆ ಮಾಡಿ ಎಂಬುದು ಟ್ರೆವೆಲ್ಯನ್ನನ ವಾದ. ತನ್ನ ಅಭಿಪ್ರಾಯವನ್ನು ಪತ್ರಿಕೆಗಳಿಗೂ ಕೊಟ್ಟುಬಿಟ್ಟ. ಮೇಲಿನವರು ಅವನನ್ನು ವಾಪಸು ಕರೆಸಿಕೊಂಡರು. ಆದರೆ ವಿಧಿಯ ಆಟ ನೋಡಿ, ಕೆಲವೇ ವರ್ಷದಲ್ಲಿ ಅದೇ ಟ್ರೆವೆಲ್ಯನ್ ಹಣಕಾಸಿನ ಸದಸ್ಯನಾಗಿ ಭಾರತಕ್ಕೆ ಮರಳಿದ. 1865ರಲ್ಲಿ ಕಾಯಿದೆಯ ಐದು ವರ್ಷದ ಅವಧಿ ಮುಗಿದಾಗ ತೆರಿಗೆ ಮುಂದುವರಿಯಲಿಲ್ಲ.

ಬಂದು ಹೋಗುತ್ತಿದ್ದ ಈ ತೆರಿಗೆ ಗಟ್ಟಿಯಾಗಿ ನೆಲೆನಿಂತದ್ದು 1886ರ ಕಾಯಿದೆಯಿಂದ. ಅದರಲ್ಲಿ ಬೇಸಾಯದ ಆದಾಯವನ್ನು ಹೊರಗಿಟ್ಟರು. ಕೇಂದ್ರದ ಆದಾಯ ತೆರಿಗೆ ಇಂದಿಗೂ ಅಡಿಕೆ ತೋಟದ ಫಸಲಿಗೆ ಬೀಳದಿರುವುದರ ಮೂಲ ಅಲ್ಲಿದೆ. ಸಂಬಳದವರಿಗೆ ವರ್ಷಕ್ಕೆ 500 ರೂಪಾಯಿಂದ ತೆರಿಗೆ ಆರಂಭ. 2,000ದವರೆಗೆ ರೂಪಾಯಿಗೆ 4 ಪೈ, ಮೇಲಿನವರಿಗೆ 5 ಪೈ. ರೂಪಾಯಿಗೆ 192 ಪೈ ಇದ್ದ ಕಾಲ. 500 ರೂಪಾಯಿ ಸಂಬಳದವನಿಗೆ ವರ್ಷಕ್ಕೆ 10 ರೂಪಾಯಿ 6 ಆಣೆ 8 ಪೈ ಬೀಳುತ್ತಿತ್ತು. ಸರಕಾರಿ ನೌಕರನ ಪಾಲನ್ನು ಸಂಬಳ ಕೊಡುವಾಗಲೇ ಹಿಡಿದುಕೊಳ್ಳುವ ಏರ್ಪಾಡು ಆ ಕಾಯಿದೆಯಲ್ಲೇ ಇತ್ತು. 1922ರ ಕಾಯಿದೆಯ 18ನೇ ಕಲಮು ಸಂಬಳ ಕೊಡುವವರಿಗೆಲ್ಲ ಈ ಕೆಲಸವನ್ನು ಹೊರಿಸಿತು. 1961ರ ಕಾಯಿದೆಯಲ್ಲಿ ಅದೇ 192ನೇ ಕಲಮಾಯಿತು. ನನ್ನ 5,150 ರೂಪಾಯಿ ಹೋದದ್ದು ಆ ಬಾಗಿಲಿನಿಂದ.

ಮೂಲದಲ್ಲೇ ಹಿಡಿಯುವ ಉಪಾಯ ಭಾರತದ್ದಲ್ಲ. ಇಂಗ್ಲೆಂಡಿನಲ್ಲಿ 1803ರಲ್ಲಿ ಆಡಿಂಗ್ಟನ್ ಎಂಬ ಪ್ರಧಾನಿ ಅದನ್ನು ಬಳಕೆಗೆ ತಂದ. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಯ ಕೂಲಿಗಳಿಗೂ ಆದಾಯ ತೆರಿಗೆ ಬಿದ್ದಾಗ, ವಾರದ ಸಂಬಳದಲ್ಲೇ ಹಿಡಿಯುವ ಪದ್ಧತಿಯನ್ನು 1944ರಲ್ಲಿ ಅಲ್ಲಿ ಜಾರಿಗೆ ತಂದರು. ಅದನ್ನು ರೂಪಿಸಿದವರಲ್ಲಿ ಮುಖ್ಯನಾದ ಪಾಲ್ ಚೇಂಬರ್ಸ್ ಅದಕ್ಕೆ ಮೊದಲು ಭಾರತ ಸರಕಾರದ ಆದಾಯ ತೆರಿಗೆ ಸಲಹೆಗಾರನಾಗಿದ್ದವನು. ಅಮೆರಿಕದಲ್ಲಿ 1943ರಲ್ಲಿ ಇಂಥದೇ ಪದ್ಧತಿ ಬಂತು. ಆ ಕೆಲಸದಲ್ಲಿ ಕೈಜೋಡಿಸಿದ್ದ ಒಬ್ಬ ತರುಣ ಮುಂದೆ ಪ್ರಖ್ಯಾತ ಅರ್ಥಶಾಸ್ತ್ರಜ್ಞನಾದ ಮಿಲ್ಟನ್ ಫ್ರೀಡ್‌ಮನ್. ಸರಕಾರದ ಕೈ ಉದ್ದವಾಗಬಾರದು ಎಂದು ಜೀವಮಾನವಿಡೀ ವಾದಿಸಿದ ಮನುಷ್ಯ ಸರಕಾರಕ್ಕೆ ಇಂಥ ಸುಲಭದ ಕೈ ಮಾಡಿಕೊಟ್ಟದ್ದಕ್ಕೆ ಹೆಂಡತಿ ರೋಸ್ ವರ್ಷಗಟ್ಟಲೆ ಆಕ್ಷೇಪಿಸಿದ್ದರಂತೆ. ಆ ದಂಪತಿಗಳು 1998ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಈ ಮಾತಿದೆ. ಅಮೆರಿಕದಲ್ಲಾದರೂ ಫರಂಗಿಪೇಟೆಯಲ್ಲಾದರೂ ಲೆಕ್ಕ ಕೇಳುವುದು ಮನೆಯ ಹೆಂಗಸೇ ಎಂದು ನನಗೆ ನಗು ಬಂತು.

ಈ ಪದ್ಧತಿಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟಿ ಎಂದರೆ ನಮ್ಮಂಥವರ ಕೈಯಲ್ಲಿ ಅಷ್ಟು ಹಣ ಎಲ್ಲಿ ಉಳಿದಿರುತ್ತದೆ? ನನ್ನ ಸಂಬಳ ಬರುವುದೂ ಸರಕಾರದ ತೆರಿಗೆಯಿಂದಲೇ. ಆದರೆ ಇದರಲ್ಲಿ ಒಂದು ತಿರುವಿದೆ. ರೈತನ ಹತ್ತಿರ ಸರಕಾರ ಬಂದು ಕೇಳಬೇಕಿತ್ತು. ಸಂಬಳದವಳ ಹಣ ಅವಳ ಕೈಗೆ ಬರುವ ಮೊದಲೇ ಹೋಗಿರುತ್ತದೆ. ಹೆಚ್ಚು ಹೋಗಿದ್ದರೆ ಅವಳೇ ಹೋಗಿ ಕೇಳಬೇಕು. ಹೇಗೆ ಹೆಚ್ಚು ಹೋಗುತ್ತದೆಂದರೆ, ಕಾಯಿದೆ ಸಂಬಳ ಕೊಡುವವರಿಗೆ ಹೇಳುವುದು ನೌಕರನ ವರ್ಷದ ಆದಾಯವನ್ನು ಅಂದಾಜು ಮಾಡಿ ಹಿಡಿಯಿರಿ ಎಂದು. ಅಂದಾಜು ಮಾಡುವವರು ಇನ್ನೊಬ್ಬರು. ಅವರಿಗೆ ನಮ್ಮ ವಿಮೆಯ ರಸೀತಿ ತಲಪಿರಬಹುದು, ತಲಪದಿರಬಹುದು. ಹೊಸ ನಿಯಮ ಗೊತ್ತಿರಬಹುದು, ಗೊತ್ತಿಲ್ಲದಿರಬಹುದು.

ಅಮ್ಮನ ಪ್ರಶ್ನೆಯ ಮರುದಿನ ನಾನು ಮಂಗಳೂರಿಗೆ ಹೋಗಿ ತೆರಿಗೆಯ ಒಂದು ಕೈಪಿಡಿ ಕೊಂಡುತಂದೆ. ರಾತ್ರಿ ಊಟವಾದ ಮೇಲೆ ಮಕ್ಕಳ ಪರೀಕ್ಷೆಯ ಉತ್ತರ ತಿದ್ದಿದ ಹಾಗೆ ಕೆಂಪು ಪೆನ್ನು ಹಿಡಿದು ಕುಳಿತೆ. ಉಳಿತಾಯವೆಲ್ಲ ಕಳೆದು ನನ್ನ ತೆರಿಗೆಯ ಆದಾಯ 2,10,000 ರೂಪಾಯಿ. ಫಾರಂ 16ರಲ್ಲಿ 1,60,000ಕ್ಕೆ ತೆರಿಗೆಯಿಲ್ಲವೆಂದು ಬಿಟ್ಟು, ಉಳಿದ 50,000ಕ್ಕೆ ನೂರಕ್ಕೆ 10ರಂತೆ 5,000, ಅದರ ಮೇಲೆ ಶಿಕ್ಷಣ ಸೆಸ್ ನೂರಕ್ಕೆ 3ರಂತೆ 150, ಒಟ್ಟು 5,150. ಲೆಕ್ಕದಲ್ಲಿ ತಪ್ಪಿಲ್ಲ. ಪುಸ್ತಕದ ಪುಟ ಮಗುಚಿದೆ. ಅಲ್ಲಿ ಇನ್ನೊಂದು ಪಟ್ಟಿಯಿತ್ತು: ಮಹಿಳೆಯರಿಗೆ. ಅವರಿಗೆ ತೆರಿಗೆಯಿಲ್ಲದ ಮಿತಿ 1,90,000! ಹಾಗಾದರೆ ನನಗೆ ತೆರಿಗೆ ಬೀಳಬೇಕಾದ್ದು 20,000ಕ್ಕೆ ಮಾತ್ರ. ಎರಡು ಸಾವಿರ, ಸೆಸ್ 60, ಒಟ್ಟು 2,060. ಹೆಚ್ಚಾಗಿ ಹಿಡಿದದ್ದು 3,090 ರೂಪಾಯಿ. ನನ್ನನ್ನು ಗಂಡಸರ ಪಟ್ಟಿಗೆ ಸೇರಿಸಿದ್ದರು.

ಈ ರಿಯಾಯಿತಿಯ ಚರಿತ್ರೆಯನ್ನು ಇವತ್ತು ನೆನಪಿಟ್ಟವರು ಕಡಿಮೆ. 2000ದ ಬಜೆಟ್ಟಿನಲ್ಲಿ ಯಶವಂತ ಸಿನ್ಹಾ 65 ವರ್ಷದೊಳಗಿನ ಮಹಿಳೆಯರಿಗೆ ತೆರಿಗೆಯಲ್ಲಿ 5,000 ರೂಪಾಯಿವರೆಗೆ ಕಡಿತ ಕೊಟ್ಟರು. 2005ರಲ್ಲಿ ಚಿದಂಬರಂ ಅದನ್ನು ತೆಗೆದು, ಎಲ್ಲರಿಗೂ 1,00,000 ಇದ್ದ ಮಿತಿಯನ್ನು ಮಹಿಳೆಯರಿಗೆ 1,35,000 ಮಾಡಿದರು. ವರ್ಷವರ್ಷಕ್ಕೆ ಮಿತಿ ಏರಿ 2009ರಲ್ಲಿ 1,60,000 ಮತ್ತು 1,90,000 ಆಯಿತು. 2011ರಲ್ಲಿ ಗಂಡಸರದ್ದು 1,80,000ಕ್ಕೆ ಏರಿತು, ನಮ್ಮದು 1,90,000ದಲ್ಲೇ ನಿಂತಿತು. 2012ರಲ್ಲಿ ಎಲ್ಲರಿಗೂ 2,00,000 ಎಂದಾಯಿತು. ಮಹಿಳೆಯರ ಪಟ್ಟಿ ಅಲ್ಲಿಗೆ ಅಳಿಸಿಹೋಯಿತು. ಹನ್ನೆರಡು ವರ್ಷ ನಮಗೆ ಒಂದು ಹಕ್ಕಿತ್ತು. ಎಷ್ಟು ಮಂದಿಗೆ ಅದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲವೋ!

ಹಾಳೆ ಹಿಡಿದು ಆಫೀಸಿಗೆ ಹೋದೆ. ಗುಮಾಸ್ತರು ಒಳ್ಳೆಯ ಮನುಷ್ಯ. ಬೆಳಗ್ಗಿನಿಂದ ಸಂಜೆವರೆಗೆ ರಿಜಿಸ್ಟರುಗಳ ನಡುವೆ ಮುಳುಗಿರುವವರು. ಕನ್ನಡಕ ಸರಿಸಿ ನೋಡಿ, "ಟೀಚರ್, ಹೆಂಗಸರಿಗೆ ಬೇರೆ ಉಂಟಾ?" ಎಂದರು. ಹಿಂದಿನ ವರ್ಷ ಯಾರೋ ಗಂಡು ಮೇಸ್ಟ್ರ ಲೆಕ್ಕ ಮಾಡಿದ್ದ ಹಾಳೆಯನ್ನೇ ಮಾದರಿಯಾಗಿಟ್ಟು ಎಲ್ಲರದ್ದನ್ನೂ ಬರೆದಿದ್ದರು. ಮೋಸವಿಲ್ಲ, ದುರುದ್ದೇಶವಿಲ್ಲ. ಒಂದು ಪೈಸೆಯೂ ಯಾರ ಜೇಬಿಗೂ ಹೋಗಿಲ್ಲ, ಎಲ್ಲವೂ ಸರಕಾರಕ್ಕೇ ಹೋಗಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ. ಇಲ್ಲಿ ಪೂಜಾರಿಗೆ ವರದ ಸುದ್ದಿಯೇ ತಲಪಿರಲಿಲ್ಲ.

"ಫೆಬ್ರವರಿಯಲ್ಲೇ ಹೇಳಿದ್ದರೆ ಮಾರ್ಚಿನಲ್ಲಿ ಸರಿಮಾಡಬಹುದಿತ್ತು ಟೀಚರ್," ಎಂದರು. ಅದು ನಿಜ. ಹೆಚ್ಚು ಕಡಿಮೆಯಾದದ್ದನ್ನು ಅದೇ ಆರ್ಥಿಕ ವರ್ಷದ ಮುಂದಿನ ಸಂಬಳಗಳಲ್ಲಿ ಹೊಂದಿಸಿಕೊಳ್ಳಲು 192ನೇ ಕಲಮಿನಲ್ಲೇ ಅವಕಾಶವಿತ್ತು. ಮಾರ್ಚ್ 31 ದಾಟಿದ ಮೇಲೆ ಶಾಲೆಯ ಕೈಯಲ್ಲಿ ಏನೂ ಇಲ್ಲ. ರಿಟರ್ನ್ ಸಲ್ಲಿಸಿ ಇಲಾಖೆಯಿಂದಲೇ ಕೇಳಿಕೊಳ್ಳಬೇಕು.

ಆ ವರ್ಷದ ರಿಟರ್ನ್ ಫಾರಮಿಗೆ 'ಸರಳ್-2' ಎಂದು ಹೆಸರು. ಹೆಸರಿನಷ್ಟು ಸರಳವಲ್ಲದಿದ್ದರೂ ಹತ್ತನೇ ತರಗತಿಯ ಬೀಜಗಣಿತಕ್ಕಿಂತ ಕಷ್ಟದ್ದಲ್ಲ. ಮೂರು ಸಲ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ನಾಲ್ಕನೇ ಸಲ ಶಾಯಿಯಲ್ಲಿ ಬರೆದೆ. ಇವರು "ನಾನು ಕೊಟ್ಟು ಬರಲೇ?" ಎಂದರು. ಬೇಡವೆಂದು ನಾನೇ ಜುಲೈ ಕೊನೆಯ ವಾರ ಮಂಗಳೂರಿಗೆ ಹೋಗಿ ಸರತಿಯಲ್ಲಿ ನಿಂತು ಕೊಟ್ಟುಬಂದೆ. ಆ ಜುಲೈ 24ಕ್ಕೆ ವಿಲ್ಸನ್ನನ ಕಾಯಿದೆಗೆ 150 ವರ್ಷ ತುಂಬಿತ್ತೆಂದು ಪತ್ರಿಕೆಗಳಲ್ಲಿ ಬಂದಿತ್ತು. ನೂರೈವತ್ತು ವರ್ಷದ ತೆರಿಗೆಯೊಂದಿಗೆ ನನ್ನ ಮೊದಲ ಮಾತುಕತೆ ಅದು.

ಸರತಿಯಲ್ಲಿ ನನ್ನೊಟ್ಟಿಗೆ ಇನ್ನೊಬ್ಬರಿದ್ದರು. ನಮ್ಮದೇ ಶಾಲೆಯಿಂದ 2009ರಲ್ಲಿ ನಿವೃತ್ತರಾದ ಹಿರಿಯ ಟೀಚರು. ನನ್ನ ಕತೆ ಕೇಳಿ ಅವರೂ ತಮ್ಮ ಹಳೆಯ ಫಾರಂ 16ಗಳನ್ನು ಹುಡುಕಿ ತೆಗೆದಿದ್ದರು. ಅವರಿಗೂ ಗಂಡಸರ ಪಟ್ಟಿಯೇ. 2008-09ರಲ್ಲಿ 3,090 ರೂಪಾಯಿ ಹೆಚ್ಚು, 2007-08ರಲ್ಲಿ 3,605 ರೂಪಾಯಿ ಹೆಚ್ಚು. 2008-09ರದ್ದನ್ನು ತಡವಾಗಿಯಾದರೂ ಸಲ್ಲಿಸಲು ಅವಕಾಶವಿತ್ತು, ಸಲ್ಲಿಸಿದರು. ಅದರ ಹಿಂದಿನದರ ಗಡುವು 2010ರ ಮಾರ್ಚ್ 31ಕ್ಕೆ ಮುಗಿದಿತ್ತು. ನಾಲ್ಕು ತಿಂಗಳು ತಡವಾಗಿತ್ತು. "ಹೋಗಲಿ ಬಿಡಿ ಟೀಚರೇ, ಸರಕಾರಕ್ಕೆ ತಾನೇ ಹೋದದ್ದು," ಎಂದು ನಕ್ಕರು. ಆ ಫಾರಮನ್ನು ಮಾತ್ರ ಹರಿಯಲಿಲ್ಲ. ಮತ್ತೆ ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು. ಅದಕ್ಕೂ ಹಿಂದಿನ ವರ್ಷಗಳನ್ನು ಲೆಕ್ಕ ಹಾಕೋಣವೇ ಎಂದಾಗ ಬೇಡವೆಂದರು. ಗೊತ್ತಾದರೆ ಬೇಸರ ಹೆಚ್ಚು ಎಂಬುದು ಅವರ ಮಾತು.

ನನ್ನ ಹಣ ಬಂದದ್ದು 2011ರ ಫೆಬ್ರವರಿಯಲ್ಲಿ. ಫೆಬ್ರವರಿಯಲ್ಲಿ ಹೋದದ್ದು ಫೆಬ್ರವರಿಯಲ್ಲೇ ಬಂತು! 3,090ಕ್ಕೆ ಬದಲು 3,255 ಇತ್ತು. ತಡಮಾಡಿದ ಹಣಕ್ಕೆ ಸರಕಾರವೂ ಬಡ್ಡಿ ಕೊಡಬೇಕು, ತಿಂಗಳಿಗೆ ನೂರಕ್ಕೆ ಅರ್ಧ. ಏಪ್ರಿಲಿನಿಂದ ಫೆಬ್ರವರಿಗೆ ಹನ್ನೊಂದು ತಿಂಗಳು. ನೂರರ ಕೆಳಗಿನದನ್ನು ಬಿಟ್ಟು 3,000ಕ್ಕೆ ಲೆಕ್ಕ ಹಾಕಿದರೆ 165 ರೂಪಾಯಿ ಸರಿಯಾಗುತ್ತದೆ. ಈ ಸಲ ಅಮ್ಮ ಕೇಳುವ ಮೊದಲೇ ನಾನು ಲೆಕ್ಕ ಹೇಳಿದೆ. ಅಮ್ಮ ಬೆರಳು ಮಡಚಿ ಎಣಿಸಿ, "ಸರಿ ಉಂಟು," ಎಂದರು. ಬಿ.ಎಡ್. ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಜಾಣೆಯಾಗಿ ಉಳಿಯುತ್ತಿದ್ದೆ. ಶಾಲೆಯಲ್ಲಿ ನನಗೆ ತೆರಿಗೆ ಟೀಚರು ಎಂದು ಹೆಸರೂ ಬಿದ್ದಿತ್ತು. 2012ರ ಜೂನಿನಲ್ಲಿ ಇನ್ನೊಬ್ಬರ ಬಾಕಿ ಸಂಬಳದ ಲೆಕ್ಕಕ್ಕಾಗಿ ಹೊಸ ಕೈಪಿಡಿ ತಿರುವುತ್ತಿದ್ದಾಗ 89ನೇ ಕಲಮು ಕಣ್ಣಿಗೆ ಬಿತ್ತು. ಹಿಂದಿನ ವರ್ಷಗಳ ಸಂಬಳ ಬಾಕಿಯಾಗಿ ಒಂದೇ ವರ್ಷ ಬಂದು ತೆರಿಗೆ ಹೆಚ್ಚಾದರೆ, ಅದನ್ನು ಆಯಾ ವರ್ಷಕ್ಕೆ ಹಂಚಿ ನೋಡಿ ಹೆಚ್ಚಾದಷ್ಟನ್ನು ಬಿಡಬೇಕು. ಅದಕ್ಕೆ 10ಇ ಎಂಬ ಫಾರಂ ಕೊಡಬೇಕು. ನನ್ನ ಎದೆ ಧಸಕ್ಕೆಂದಿತು. ನನ್ನ 2,10,000ದಲ್ಲಿ 45,000 ಬಾಕಿಯ ಹಣವಲ್ಲವೇ? ಅದನ್ನು ತೆಗೆದರೆ 1,65,000. ಮಹಿಳೆಯರ ಮಿತಿಯ ಒಳಗೆ! ಬಾಕಿ ಸಲ್ಲಬೇಕಾಗಿದ್ದ ವರ್ಷಗಳಲ್ಲೂ ನನ್ನ ಆದಾಯ ಮಿತಿಯೊಳಗೇ ಇತ್ತು. ಅಂದರೆ ನಾನು ನ್ಯಾಯವಾದದ್ದು ಎಂದು ಬಿಟ್ಟುಕೊಟ್ಟ 2,060 ರೂಪಾಯಿಯೂ ಕೊಡಬೇಕಾದ್ದಾಗಿರಲಿಲ್ಲ. ರಿಟರ್ನನ್ನು ತಿದ್ದುವ ಗಡುವು ಆ ಮಾರ್ಚ್ 31ಕ್ಕೆ ಕಳೆದಿತ್ತು. ಹಿರಿಯ ಟೀಚರು ನಕ್ಕ ನಗುವಿನ ಅರ್ಥ ನನಗೆ ಆ ದಿನ ಆಯಿತು. ನಾನೂ ಆ ಹಾಳೆಯನ್ನು ಹರಿಯದೆ ಮಡಚಿಟ್ಟೆ.

ಎರಡು ಸಾವಿರ ಇಂದು ದೊಡ್ಡ ಮೊತ್ತವಲ್ಲ. ಆದರೆ ಅಮ್ಮ ಆ ಎರಡು ಸಾವಿರಕ್ಕೆ ಎಷ್ಟು ಬೀಡಿ ಕಟ್ಟಬೇಕಿತ್ತು ಎಂದು ಎಣಿಸಿದರೆ ಅದು ದೊಡ್ಡದೇ.

ಈಗ ಕಾಲ ಬದಲಾಗಿದೆ. ನಮ್ಮ ಹೆಸರಿನಲ್ಲಿ ಹಿಡಿದ ತೆರಿಗೆ ಎಷ್ಟೆಂದು 26ಎಎಸ್ ಎಂಬ ಪಟ್ಟಿಯಲ್ಲಿ ಮನೆಯಲ್ಲೇ ಕುಳಿತು ನೋಡುವ ಹಾಗಾಯಿತು. 2025ರ ಬಜೆಟ್ಟು ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡಿತು. ಸಂಬಳದವರಿಗೆ 75,000ದ ಕಡಿತ ಬೇರೆ. 1961ರ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಅಂಗೀಕಾರವಾಯಿತು, 2026ರ ಏಪ್ರಿಲ್ 1 ಅದರ ಜಾರಿಯ ದಿನ. ಕಲಮುಗಳ ಸಂಖ್ಯೆ ಬದಲಾಗಬಹುದು, ಫಾರಮಿನ ಹೆಸರು ಬದಲಾಗಬಹುದು. ಆದರೆ ಸಂಬಳ ಕೊಡುವವರು ಅಂದಾಜು ಮಾಡಿ ಹಿಡಿಯುವುದು ಮತ್ತು ಹೆಚ್ಚಾದದ್ದನ್ನು ನಾವೇ ಕೇಳಿ ಪಡೆಯಬೇಕಾಗಿರುವುದು, ಈ ಎರಡು ಬದಲಾಗಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲವಂತೆ, ಸರಕಾರ ಕೊಟ್ಟೀತೇ?

ಆದ್ದರಿಂದ ಸಂಬಳ ತರುವ ಅಕ್ಕತಂಗಿಯರಲ್ಲಿ ನನ್ನದೊಂದು ಮಾತು. ಸಂಬಳದ ಚೀಟಿಯನ್ನು ಗಂಡನ ಕೈಗೋ ಅಣ್ಣನ ಕೈಗೋ ಕೊಡುವ ಮೊದಲು ಒಮ್ಮೆ ನೀವೇ ಓದಿ. ಫೆಬ್ರವರಿಗೆ ಕಾಯದೆ ಡಿಸೆಂಬರಿನಲ್ಲೇ ಲೆಕ್ಕ ಕೇಳಿ, ವಿಮೆಯ ರಸೀತಿ ಕೊಡಿ. ಬಾಕಿ ಸಂಬಳ ಬಂದ ವರ್ಷವಂತೂ ಎರಡು ಸಲ ಕೇಳಿ. ಕೇಳಿದರೆ ಗುಮಾಸ್ತರಿಗೆ ಬೇಸರವಾದೀತು ಎಂಬ ಸಂಕೋಚ ಬೇಡ. ನಮ್ಮ ಗುಮಾಸ್ತರು ಮುಂದಿನ ವರ್ಷದಿಂದ ಮಹಿಳೆಯರಿಗೆ ಬೇರೆ ಹಾಳೆ ಮಾಡಿಟ್ಟರು, ನಿವೃತ್ತರಾಗುವ ತನಕ ನನ್ನನ್ನು ಕರೆದು ತೋರಿಸಿಯೇ ಸಹಿ ಮಾಡಿಸುತ್ತಿದ್ದರು.

ಪ್ರತಿ ವರ್ಷ ಹತ್ತನೇ ತರಗತಿಗೆ 1837ರ ಪಾಠ ಮಾಡುವಾಗ ಮಕ್ಕಳು ಬಾವುಟಗುಡ್ಡೆಯ ಹದಿಮೂರು ದಿನಗಳನ್ನು ಬಾಯಿಪಾಠ ಮಾಡುತ್ತಾರೆ. ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ರೈತರು ಮೊದಲು ಏನು ಕೇಳಿದರು ಹೇಳಿ ಎನ್ನುತ್ತೇನೆ. ಯಾರಾದರೊಬ್ಬ ಹುಡುಗಿ ಎದ್ದು, "ಯಾವ ಲೆಕ್ಕದಲ್ಲಿ ಎಂದು ಕೇಳಿದರು ಟೀಚರ್," ಎಂದರೆ ಅವಳಿಗೆ ಪೂರ್ತಿ ಅಂಕ.